ತಟಸ್ಥ ತಂತಿಯ ಹೊರೆ

ಗೃಹಸ್ಥರಾದ ವಾಚಕರು ತಮ್ಮ ಬೀದಿಯ ಕಂಬದ ಮೇಲಣ ತಂತಿಗಳನ್ನು ಎಂದಾದರೂ ಎಣಿಸಿರುವರೋ ಇಲ್ಲವೋ ನಾವರಿಯೆವು. ಬೀದಿದೀಪದ ತಂತಿಯನ್ನು ಬಿಟ್ಟರೆ, ಅವುಗಳಲ್ಲಿ ಮೂರು ಫೇಸಿನವು, ಒಂದು ನ್ಯೂಟ್ರಲ್. ಮೂರು ಫೇಸುಗಳ ವಿದ್ಯುತ್ತು ಒಂದರ ಹಿಂದೊಂದರಂತೆ 120 ಅಂಶಗಳ ಅಂತರದಲ್ಲಿ ಏರಿಳಿಯುವುದರಿಂದ, ಮೂರರ ಹೊರೆಯೂ ಸಮನಾಗಿದ್ದರೆ ಅವುಗಳ ಮೊತ್ತ ಶೂನ್ಯವಾಗಿ ನ್ಯೂಟ್ರಲಿಗೆ ಕೆಲಸವೇ ಇರದು. ಆದರೆ ನಮ್ಮ ಮನೆಗಳಲ್ಲಿ ಬಹುಪಾಲು ಒಂದೊಂದು ಫೇಸಿಗೆ ಮಾತ್ರ ಸೇರಿದವು. ಯಾರ ಮನೆಯ ಗೀಸರು ಯಾವಾಗ ಉರಿಯುವುದೆಂದು ಬಲ್ಲವರಾರು? ಎರಡು ಫೇಸುಗಳಲ್ಲಿ ಹತ್ತು ಹತ್ತು ಆಂಪಿಯರ್, ಮೂರನೆಯದರಲ್ಲಿ 40 ಹರಿದರೆ, ನ್ಯೂಟ್ರಲಿನ ಪಾಲಿಗೆ 30 ಆಂಪಿಯರ್ ಬೀಳುವುದು. ಇದನ್ನು ‘ತಟಸ್ಥ’ವೆಂದು ಅನುವಾದಿಸುವರು. ದಡದಲ್ಲಿ ನಿಂತವನೆಂದು ಆ ಶಬ್ದದ ಅರ್ಥ. ಈ ತಂತಿಯಾದರೋ ನಡುಹೊಳೆಯಲ್ಲಿ ನಿಂತು ಉಳಿದವರ ಹೆಚ್ಚುವರಿಯನ್ನೆಲ್ಲ ಹೊರುವುದು!

ಹೋದ ಚೈತ್ರದಲ್ಲಿ ನಮ್ಮ ಬೀದಿಯ ಆ ತಂತಿ ಕಡಿಯಿತು. ಕೆಲವು ಮನೆಗಳಲ್ಲಿ ದೀಪಗಳು ಮಂಕಾದವು, ಕೆಲವುಗಳಲ್ಲಿ ಕಣ್ಣು ಕೋರೈಸಿ ಸಿಡಿದವು. ಎದುರುಮನೆಯ ವೃದ್ಧೆಯ ಉಸಿರಿಗೆ ಆಧಾರವಾಗಿದ್ದ ಆಮ್ಲಜನಕದ ಯಂತ್ರ ಸುಟ್ಟುಹೋಯಿತು. ಸಿಲಿಂಡರು ಬರುವಷ್ಟರಲ್ಲಿ ಆ ತಾಯಿಯ ತುಟಿಗಳು ನೀಲಿಗಟ್ಟಿದ್ದವು. ದೇವರ ದಯೆಯಿಂದ ಬದುಕಿಕೊಂಡರು. ಸಂಬಂಧಪಟ್ಟ ಕಚೇರಿಯವರು ‘ದೈವಾಧೀನ, ಮೇಷ್ಟ್ರೇ’ ಎಂದರು. ದೈವವನ್ನು ಇಷ್ಟು ಸುಲಭವಾಗಿ ಸಾಕ್ಷಿಗೆ ಕರೆಯುವುದು ನಮಗೆ ಸರಿಬರಲಿಲ್ಲ.

ನಮ್ಮ ತಂಗಿಯ ಮಗ ವಿದ್ಯುತ್ ಇಂಜಿನಿಯರು. ಅಮೆರಿಕದ ಎಲೆಕ್ಟ್ರಿಕ್ ಪವರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2008ರಲ್ಲಿ ಸರ್ವರಿಗೂ ಮುಕ್ತವಾಗಿ ಬಿಟ್ಟ ‘ಓಪನ್ ಡಿಎಸ್ಎಸ್’ ಎಂಬ ತಂತ್ರಾಂಶದಲ್ಲಿ ಆತನು ನಮ್ಮ ಬೀದಿಯನ್ನೇ ರಚಿಸಿದನು. ತಂತಿಗಳ ಉದ್ದ, ದಪ್ಪ, ಯಾವ ಮನೆ ಯಾವ ಫೇಸಿನದು, ಗಂಟೆಗಂಟೆಯ ಹೊರೆ—ಇವಿಷ್ಟನ್ನೂ ಬರೆದುಕೊಟ್ಟರೆ ಗಣಕವು ಮತ್ತೆ ಮತ್ತೆ ಗುಣಿಸಿ ಪ್ರತಿ ಕಂಬದ ವೋಲ್ಟೇಜನ್ನು ಹೇಳುವುದು. ದೊಡ್ಡ ಜಾಲಗಳ ಲೆಕ್ಕದಲ್ಲಿ ಮೂರು ಫೇಸುಗಳೂ ಸಮವೆಂದೆಣಿಸಿ ಒಂದನ್ನೇ ಗುಣಿಸಿದರೆ ಸಾಕಾಗುವುದುಂಟು. ಬೀದಿಯ ಲೆಕ್ಕಕ್ಕೆ ಅದು ಸಲ್ಲದು. ಅಸಮವಾದ ಮೂರನ್ನು ಮೂರು ಸಮಗುಂಪುಗಳಾಗಿ ಬಿಡಿಸುವ ಜಾಣ್ಮೆಯನ್ನು ಫೋರ್ಟೆಸ್ಕ್ಯೂ ಎಂಬ ಮಹಾಶಯರು 1918ರಲ್ಲಿಯೇ ತೋರಿಸಿದ್ದರು. ಈ ತಂತ್ರಾಂಶವು ಪ್ರತಿಯೊಂದು ತಂತಿಯನ್ನೂ ಬೇರೆಬೇರೆಯಾಗಿಯೇ ಎಣಿಸುವುದು.

ಮೇಲೆ ಹೇಳಿದ 10, 10, 40ರ ಹೊರೆಗಳು ಹೀಟರಿನಂಥವೆಂದಿಟ್ಟುಕೊಂಡು, ನ್ಯೂಟ್ರಲನ್ನು ಗಣಕದಲ್ಲಿ ಕಡಿದು ನೋಡಿದೆವು. 230 ವೋಲ್ಟ್ ಇರಬೇಕಾದಲ್ಲಿ, ಹೊರೆ ಹೆಚ್ಚಿದ್ದ ಫೇಸಿನ ಮನೆಗಳಿಗೆ 115, ಉಳಿದೆರಡಕ್ಕೆ 304! ಆ ಯಂತ್ರವೇಕೆ ಸುಟ್ಟಿತೆಂಬುದು ಅಲ್ಲಿಯೇ ಬರೆದಿತ್ತು. ಬಳಿಕ ಅಳಿಯನು ನಾಲ್ಕು ಮನೆಗಳನ್ನು ಬೇರೆ ಫೇಸಿಗೆ ಸರಿಸಿದಾಗ ನ್ಯೂಟ್ರಲಿನ ಹೊರೆ ಬಹಳ ತಗ್ಗಿತು. ತಂತಿ ಕಡಿಯದೆಂದಲ್ಲ; ಬೆಸುಗೆ ಅಷ್ಟು ಕಾಯದು, ಕಡಿದರೂ ಏರಿಳಿತ ಕಿರಿದು.

ಈ ಲೆಕ್ಕವನ್ನು ಅರ್ಜಿಯೊಡನೆ ಕೊಟ್ಟೆವು. ಕಚೇರಿಯವರು ಮೊಹರು ಒತ್ತಿ ಇಟ್ಟುಕೊಂಡರು. ಲೈನ್‌ಮನ್ನನಾದರೋ ಕಾಗದವನ್ನು ದಿಟ್ಟಿಸಿ, ನಾಲ್ಕನೆಯ ಕಂಬದ ಮೇಲೆ ಬೆರಳಿಟ್ಟು, ‘ಸ್ವಾಮೀ, ಈ ಜಾಯಿಂಟು ದಿನಾ ಸಾಯಂಕಾಲ ಕಾಯುತ್ತೆ’ ಎಂದನು. ಮುಂದಿನ ಭಾನುವಾರ ಏಣಿ ತಂದು ನಾಲ್ಕು ಮನೆಗಳನ್ನೂ ಸರಿಸಿದನು. ಆ ಜಾಯಿಂಟು ಮಾತ್ರ ಇನ್ನೂ ಬದಲಾಗಿಲ್ಲ. ಅದರ ಸಲುವಾಗಿ ಸೋಮವಾರ ಮತ್ತೆ ಕಚೇರಿಗೆ ಹೋಗುವವರಿದ್ದೇವೆ.