ಸವಣೂರಿನ ದೊಡ್ಡಹುಣಿಸೆಯ ನೆರಳಿನಲ್ಲಿ

ಸಂಪತ್ತು ಮನೆಗೆ ಭೂಷಣವೂ ಹೌದು, ಭಯಕ್ಕೆ ಕಾರಣವೂ ಹೌದು. ಈ ಮಾತನ್ನು ಮೂವತ್ತು ವರ್ಷ ಶಾಲೆಯಲ್ಲಿ ಬೋಧಿಸಿದೆನು. ಅದರ ಅರ್ಥ ಮನವರಿಕೆಯಾದುದು ಕಳೆದ ಮಾಘಮಾಸದ ಪ್ರವಾಸದಲ್ಲಿ.

ಹಿರೇಕೆರೂರಿನಿಂದ ಹೊರಟು ಹಾನಗಲ್ಲಿಗೆ ಬಂದು, ಆನೆಕೆರೆಯನ್ನು ನೋಡಿ, ತಾರಕೇಶ್ವರನ ದರ್ಶನ ಪಡೆದೆನು. ಅಂದಿನ ಪಾನುಂಗಲ್ಲಾದ ಈ ಊರನ್ನು ಹೊಯ್ಸಳ ವೀರಬಲ್ಲಾಳನು ೧೧೯೬ರಲ್ಲಿ ಮುತ್ತಿದ್ದನು. ಶಿಗ್ಗಾವಿಯನ್ನು ದಾಟಿ ಸವಣೂರನ್ನು ಸೇರಿ, ಆಫ್ರಿಕಾ ಮೂಲದ ಆ ಮೂರು ಮಹಾವೃಕ್ಷಗಳ ನೆರಳಿನಲ್ಲಿ ಕುಳಿತೆನು. ಇಲ್ಲಿಯ ನವಾಬರ ಸಂಸ್ಥಾನವು ಬಲಿಷ್ಠರ ನಡುವೆ ಸಿಕ್ಕಿದ್ದಿತು. ೧೭೫೬ರಲ್ಲಿ ಪೇಶ್ವೆಯೂ ನಿಜಾಮನೂ ಕೂಡಿ ಮುತ್ತಿ ಸೀಮೆಯನ್ನು ಕಸಿದರು. ೧೭೮೬ರಲ್ಲಿ ಟಿಪ್ಪುವು ಊರನ್ನೇ ವಶಪಡಿಸಿಕೊಂಡನು.

ಆಗ ಕುವೈತಿನ ತೈಲಕಾರ್ಯದಲ್ಲಿರುವ ಮಗನ ನೆನಪಾಯಿತು. ಅದೂ ದೊಡ್ಡವರ ನಡುವಣ ಸಿರಿವಂತ ಸಣ್ಣ ನಾಡು. ೧೯೯೦ರ ಆಗಸ್ಟ್ ೨ರಂದು ಇರಾಕು ಅದನ್ನು ಆಕ್ರಮಿಸಿತು. ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಮರುವರ್ಷ ಸೋತು ಹಿಂದಿರುಗುವಾಗ ಇರಾಕಿ ಸೈನ್ಯವು ೬೦೦ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ವಿಶ್ವಸಂಸ್ಥೆಯು ೧೯೯೩ರಲ್ಲಿ ಗಡಿಯನ್ನು ನಿಶ್ಚಯಿಸಿತು. ೧೯೯೪ರಲ್ಲಿ ಇರಾಕು ಅದನ್ನು ಒಪ್ಪಿತು. ಆದರೂ ಕಡಲಿನ ಗಡಿಯ ತಕರಾರು ಉಳಿದೇ ಇದೆ.

ಕೋಟೆಯು ಸವಣೂರನ್ನು ಕಾಯಲಿಲ್ಲ. ನೆರೆಯವನು ಮನಃಪೂರ್ವಕವಾಗಿ ಒಪ್ಪಿದ ಗಡಿಯೇ ಸಣ್ಣ ನಾಡಿನ ನಿಜವಾದ ಕೋಟೆಯೆಂದು ನನಗೆ ತೋರಿತು.

ಮನೆಗೆ ಮರಳಿ ಸವಣೂರಿನ ವೀಳ್ಯದೆಲೆಯನ್ನು ಕೈಗಿತ್ತಾಗ, ಮಗನ ತಾಯಿ ಕೇಳಿದುದು ಒಂದೇ ಮಾತು: “ಅಲ್ಲಿ ಎಲ್ಲವೂ ಶಾಂತವಾಗಿದೆಯೇನ್ರೀ?”

“ನೆಲದ ಗಡಿ ಇತ್ಯರ್ಥವಾಗಿದೆ, ನೀರಿನದೂ ಆದೀತು,” ಎಂದೆನು. ಆಕೆ ದೇವರ ಮುಂದಿನ ದೀಪಕ್ಕೆ ಎಣ್ಣೆಯೆರೆದಳು.