ಆಶಾ ಅಕ್ಕನಿಗೆ ಕೊಂಕಣಿ ಬರುತ್ತದೆ

ಮಂಕಿಯಲ್ಲಿ ಕೇರಿ ಬದಲಾದರೆ ಮನೆಮಾತೂ ಬದಲಾಗುತ್ತದೆ. ಹೊನ್ನಾವರದಿಂದ ಮುರ್ಡೇಶ್ವರದ ಕಡೆ ಹೊರಟ ಬಸ್ಸಿನಲ್ಲಿ ನಮ್ಮೂರಿನವರು ಹತ್ತು ಜನ ಇದ್ದರೆ ಎರಡು ಮೂರು ಭಾಷೆಯಾದರೂ ಕಿವಿಗೆ ಬೀಳುತ್ತದೆ. ನಾಮಧಾರಿಗಳ ಮನೆಯಲ್ಲಿ ಒಂದು ಬಗೆಯ ಕನ್ನಡ, ಹವ್ಯಕರ ಮನೆಯಲ್ಲಿ ಇನ್ನೊಂದು. ಖಾರ್ವಿಗಳ ಮನೆಯ ಕೊಂಕಣಿಯೇ ಬೇರೆ, ಕ್ರಿಶ್ಚಿಯನ್ನರ ಮನೆಯ ಕೊಂಕಣಿಯೇ ಬೇರೆ. ನವಾಯತರ ಮನೆಯಲ್ಲಿ ನವಾಯತಿ. ಅದೂ ಕೊಂಕಣಿಗೆ ಹತ್ತಿರದ್ದೇ, ಆದರೆ ಬರೆಯುವುದು ಅರಬ್ಬಿ-ಪಾರ್ಸಿ ಲಿಪಿಯಲ್ಲಿ. ಪೇಟೆಗೆ ಬಂದರೆ ಎಲ್ಲರದ್ದೂ ಕನ್ನಡ. ಮನೆಯೊಳಗೆ, ಅದರಲ್ಲೂ ಬಾಣಂತಿ ಕೋಣೆಯೊಳಗೆ, ಅವರವರ ಮಾತು.

ಈ ಕೋಣೆಗಳಿಗೆ ಸರ್ಕಾರದ ಪರವಾಗಿ ಹೋಗುವವರು ಆಶಾ ಕಾರ್ಯಕರ್ತೆಯರು. ದೇಶದಲ್ಲಿ ಈ ಯೋಜನೆ ಶುರುವಾದದ್ದು 2005ರಲ್ಲಿ, ಸುಮಾರು ಸಾವಿರ ಜನರಿಗೆ ಒಬ್ಬರಂತೆ. ನನ್ನ ದೊಡ್ಡಮ್ಮನ ಮಗಳು ಅವರಲ್ಲಿ ಒಬ್ಬಳು. ಹೆಸರು ಬರೆಯಬೇಡ ಎಂದಿದ್ದಾಳೆ. ನಾನು ಕರೆಯುವುದು ಅಕ್ಕ ಎಂದು, ಇಲ್ಲೂ ಹಾಗೆಯೇ ಇರಲಿ.

ಕಳೆದ ಮಳೆಗಾಲದಲ್ಲಿ ಎಂಟು ದಿನ ಅವಳ ಜೊತೆ ಮನೆಮನೆ ತಿರುಗಿದೆ. ಆಶಾದವರ ಗೌರವಧನದ ಮೇಲೆ ಒಂದು ಸುದ್ದಿ ಬೇಕು ಎಂದು ಡೆಸ್ಕಿನವರು ಹೇಳಿದ್ದರು. ಅಚ್ಚಾದದ್ದು ಒಂದು ಕಾಲಂ. ಅದರಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಮನೆಯವರಿಗೆ ಇದು ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ನಿಮ್ಮ ಮನೆಗೆ ಆರು ಸಲ ಬರಬೇಕು. 3, 7, 14, 21, 28 ಮತ್ತು 42ನೇ ದಿನ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು ಸಲ. ನವಜಾತ ಶಿಶುವಿನ ಈ ಮನೆಭೇಟಿ 2011ರಲ್ಲಿ ಬಂತು. 2018ರಲ್ಲಿ ಇನ್ನೊಂದು ಸೇರಿತು: ಮಗುವಿಗೆ 3, 6, 9, 12, 15 ತಿಂಗಳಾದಾಗ ಐದು ಭೇಟಿ. ಹಾಲು, ಊಟ, ಚುಚ್ಚುಮದ್ದು, ಕೈ ತೊಳೆಯುವುದು, ಮಗುವಿನ ಜೊತೆ ಆಡುವುದು, ಮಾತಾಡುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಯೋಜನೆಗಳು ಶುರುವಾದಾಗ ಮೊದಲನೆಯದರ ಎಲ್ಲ ಭೇಟಿ ಮುಗಿಸಿದರೆ 250 ರೂಪಾಯಿ, ಎರಡನೆಯದರಲ್ಲಿ ಒಂದು ಭೇಟಿಗೆ 50 ರೂಪಾಯಿ ಎಂದು ಇಟ್ಟಿದ್ದರು. ನನಗೆ ಸುದ್ದಿ ಲೆಕ್ಕದ ದುಡ್ಡು, ಅವಳಿಗೆ ಭೇಟಿ ಲೆಕ್ಕದ್ದು. ಈ ಮಾತಿಗೆ ನಾವಿಬ್ಬರೂ ದಾರಿಯಲ್ಲಿ ನಕ್ಕಿದ್ದೇವೆ.

ಅಕ್ಕನ ಚೀಲದಲ್ಲಿ ಮಗುವನ್ನು ತೂಗುವ ತಕ್ಕಡಿ, ಥರ್ಮಾಮೀಟರು, ಉಸಿರು ಎಣಿಸಲು ಗಡಿಯಾರ, ಒಂದು ಕಂಬಳಿ, ತುಂಬಿಸಬೇಕಾದ ಫಾರಂ ಇರುತ್ತವೆ. ಫಾರಂ ಕನ್ನಡದಲ್ಲಿದೆ. ಅವಳಿಗೆ ತರಬೇತಿ ಕೊಟ್ಟದ್ದೂ ಕನ್ನಡದಲ್ಲಿ. ಕೊಂಕಣಿ ಕಲಿತದ್ದು ಮಾತ್ರ ಮೀನು ಪೇಟೆಯಲ್ಲಿ. ದೊಡ್ಡಮ್ಮ ಮೀನು ಮಾರುವಾಗ ಪಕ್ಕದಲ್ಲಿ ಕೂತು, ಪಕ್ಕದ ಬುಟ್ಟಿಯವರ ಜಗಳ ಕೇಳಿ ಕೇಳಿ ಬಂದ ಭಾಷೆ ಅದು. ಅದರ ಬಲದ ಮೇಲೆ ನವಾಯತಿಯನ್ನೂ ಹೇಗೋ ಹೊಂದಿಸಿಕೊಂಡಿದ್ದಾಳೆ.

ಎರಡು ಭಾಷೆ ಬಂದರೆ ಏನು ಮಹಾ ಎಂದು ನಿಮಗೆ ಅನಿಸಬಹುದು. ಎರಡನೇ ದಿನ ಹೋದ ಒಂದು ಮನೆಯ ಕತೆ ಹೇಳುತ್ತೇನೆ.

ಸೊಸೆ ಗೋವಾ ಕಡೆಯವಳು. ತಾಯಿ ಇಲ್ಲ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ. ಕೊಂಕಣಿ, ಮರಾಠಿ ಬರುತ್ತದೆ, ಕನ್ನಡ ನಾಲ್ಕು ಮಾತು. ಅಂದು ಮಗುವಿಗೆ ಏಳನೇ ದಿನ. ಜಗಲಿಯಲ್ಲಿ ಕೂತಿದ್ದ ಗಂಡ ಅಕ್ಕನನ್ನು ನೋಡಿದವನೇ, "ಎಲ್ಲ ಆರಾಮಿದ್ದು ಅಕ್ಕ. ಹಾಲು ಕುಡಿತದೆ, ಮಲಗ್ತದೆ. ಬರ್ಕೊಳ್ಳಿ" ಅಂದ. ಅಷ್ಟನ್ನೇ ಬರೆದುಕೊಂಡು ಬಂದಿದ್ದರೂ ಫಾರಂ ತುಂಬುತ್ತಿತ್ತು.

ಅಕ್ಕ ಒಳಗೆ ಹೋದಳು, ನಾನೂ ಹಿಂದೆ ಹೋದೆ. ಅವಳು ಚಾಪೆಯ ಮೇಲೆ ಕೂತು ಕೊಂಕಣಿಯಲ್ಲಿ ಮೊದಲು ಕೇಳಿದ್ದು ಮಗುವಿನ ಸುದ್ದಿಯಲ್ಲ. ನಿನ್ನೆ ಏನು ಉಂಡೆ, ನಿದ್ದೆ ಬಂತಾ, ಹೊಲಿಗೆ ನೋಯುತ್ತದಾ ಎಂದು. ಆ ಹುಡುಗಿ ಒಂದು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ ಅವಳ ಮಾತು ನಿಲ್ಲಲಿಲ್ಲ. ನಿನ್ನೆ ಸಂಜೆಯಿಂದ ಮಗು ಎದೆಗೆ ಹಿಡಿದರೂ ಎಳೆಯುತ್ತಿಲ್ಲ, ಮಲಗಿಯೇ ಇದೆ, ಅಳುವುದೂ ಕಡಿಮೆ. ಅತ್ತೆಗೆ ಹೇಳಲು ಹೋದರೆ ಮಾತು ಸಿಗಲಿಲ್ಲ. ಮಲಗುವ ಮಗು ಒಳ್ಳೆಯ ಮಗು ಎಂದು ಮನೆಯವರು ಖುಷಿಯಲ್ಲಿದ್ದರು.

ಅಕ್ಕ ಮಗುವಿನ ಪಾದ ಮುಟ್ಟಿದಳು. ತಣ್ಣಗಿತ್ತು. ಹೊಟ್ಟೆ ಮುಟ್ಟಿದಳು, ಅದೂ ತಣ್ಣಗಿತ್ತು. ತೂಕ ಮೂರನೇ ದಿನಕ್ಕಿಂತ ಕಡಿಮೆ. ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವ ಹಾಗೆ ಇಟ್ಟು, ಮೇಲಿಂದ ಕಂಬಳಿ ಸುತ್ತಿ, 108ಕ್ಕೆ ಫೋನ್ ಮಾಡಿದಳು. ಏನಾಗಿದೆ, ಯಾಕೆ ಈಗಲೇ ಹೋಗಬೇಕು ಎಂದು ಅತ್ತೆಗೆ ಕನ್ನಡದಲ್ಲಿ, ಸೊಸೆಗೆ ಕೊಂಕಣಿಯಲ್ಲಿ, ಎರಡು ಸಲ ಹೇಳಿದಳು. ಮಗುವಿಗೆ ಸೋಂಕಾಗಿತ್ತು. ಎಂಟು ದಿನ ಆಸ್ಪತ್ರೆಯಲ್ಲಿದ್ದು ವಾಪಸ್ ಬಂತು. ಈಗ ಚೆನ್ನಾಗಿದೆ.

ಮರುದಿನ ಅಕ್ಕನನ್ನು ಕೇಳಿದೆ, ಫಾರಂನಲ್ಲಿ ಏನು ಬರೆದೆ ಎಂದು. ಹಾಲು ಎಳೆಯುವುದಿಲ್ಲ, ಮೈ ತಣ್ಣಗೆ, ಆಸ್ಪತ್ರೆಗೆ ಕಳಿಸಿದೆ. ಇಷ್ಟೇ. ಯಾವ ಭಾಷೆಯಲ್ಲಿ ಕೇಳಿದ್ದರಿಂದ ಅದು ಗೊತ್ತಾಯಿತು ಎಂದು ಬರೆಯಲು ಅದರಲ್ಲಿ ಜಾಗವಿಲ್ಲ.

ಅಮೆರಿಕದಲ್ಲೂ ಇಂಥದೇ ಒಂದು ಕೆಲಸ ಇದೆ. ಎಳೆಯ ಮಕ್ಕಳಿರುವ ಮನೆಗೆ ಹೋಗಿ ತಂದೆತಾಯಿಗೆ ಮಗುವಿನ ಪಾಲನೆ ಹೇಳಿಕೊಡುವವರು ಅಲ್ಲಿದ್ದಾರೆ. ಸ್ಪ್ಯಾನಿಷ್ ಮನೆಮಾತಿನ ಕುಟುಂಬಗಳು ಹೆಚ್ಚಿರುವ ಕಡೆ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಬರುವವರೇ ಬೇಕು ಎಂದು ಕೆಲಸದ ಜಾಹೀರಾತಿನಲ್ಲೇ ಹಾಕುತ್ತಾರೆ. ಅಲ್ಲಿ ಅದು ಅರ್ಹತೆ. ಅಕ್ಕನ ಕೊಂಕಣಿಯನ್ನು ಯಾರೂ ಯಾವತ್ತೂ ಕೇಳಿಲ್ಲ.

ಭಾಷೆ ಬಂದರೆ ಸಾಲದು, ಯಾವ ಶಬ್ದ ಎಲ್ಲಿ ಎಂಬುದೂ ಗೊತ್ತಿರಬೇಕು. ಆರು ತಿಂಗಳ ಮಗುವಿಗೆ "ಪೂರಕ ಆಹಾರ" ಶುರು ಮಾಡಿ ಎಂದು ಪುಸ್ತಕದಲ್ಲಿದೆ. ಅಕ್ಕ ಕೊಂಕಣಿ ಮನೆಯಲ್ಲಿ ಪೇಜ್ ಅನ್ನುತ್ತಾಳೆ, ಕನ್ನಡ ಮನೆಯಲ್ಲಿ ಗಂಜಿ. ಅಲ್ಲಿಗೂ ನಿಲ್ಲಿಸುವುದಿಲ್ಲ. ಹೆಚ್ಚಿನವರು ಮಗುವಿಗೆ ಕೊಡುವುದು ಮೇಲಿನ ತಿಳಿ. ಚಮಚ ಓರೆ ಮಾಡಿದರೆ ಜಾರಿ ಬೀಳಬಾರದು, ಅಷ್ಟು ದಪ್ಪ ಇರಬೇಕು ಎಂದು ಅವರದ್ದೇ ಚಮಚದಲ್ಲಿ ತೋರಿಸುತ್ತಾಳೆ. ಬೇಳೆ ಸೇರಿಸಿ, ಎಣ್ಣೆಯೋ ತುಪ್ಪವೋ ಒಂದು ಹನಿ ಹಾಕಿ, ಮುಳ್ಳು ತೆಗೆದ ಮೀನು ಕಿವುಚಿ ಹಾಕಬಹುದು ಎನ್ನುತ್ತಾಳೆ. ಆರು ತಿಂಗಳವರೆಗೆ ಮಾತ್ರ ಎದೆಹಾಲು ಬಿಟ್ಟು ನೀರೂ ಬೇಡ.

ಅಜ್ಜಿಯರ ಜೊತೆ ಅವಳು ಜಗಳಕ್ಕೆ ಹೋಗುವುದಿಲ್ಲ. ಒಂದು ಮನೆಯಲ್ಲಿ ಬಜೆ ತೇಯ್ದು ನೆಕ್ಕಿಸಲು ತಯಾರಿ ನಡೆದಿತ್ತು. "ಅಮ್ಮಾ, ನಿಮ್ ಕೈ ಎಣ್ಣೆ ಶಿಶುವಿಗೆ ಬೇಕೇ ಬೇಕು, ಹಗೂರ ತಿಕ್ಕಿ. ಬಾಯಿಗೆ ಮಾತ್ರ ಹಾಲು ಬಿಟ್ಟು ಬೇರೆಂತದೂ ಬೇಡ" ಅಂದಳು. ಅಜ್ಜಿ ಬಜೆಯನ್ನು ಡಬ್ಬಿಗೆ ಹಾಕಿದರು. ನಾವು ಬಂದ ಮೇಲೆ ಮತ್ತೆ ತೆಗೆದಿರಬಹುದು. ಅದಕ್ಕೇ ಆರು ಭೇಟಿ ಇರುವುದು ಎನ್ನುತ್ತಾಳೆ ಅಕ್ಕ.

ನವಾಯತರ ಕೆಲವು ಮನೆಗಳಲ್ಲಿ ಗಂಡಂದಿರು ದುಬೈಯಲ್ಲೋ ಸೌದಿಯಲ್ಲೋ ಇರುತ್ತಾರೆ. ಚುಚ್ಚುಮದ್ದು ಹಾಕಿಸಿದರೆ ಜ್ವರ ಬರುತ್ತದಂತೆ, ಬೇಡ ಎಂದು ಒಬ್ಬರು ಅಲ್ಲಿಂದ ಹೇಳಿದ್ದರು. ಅಕ್ಕ ಬಾಣಂತಿಯ ಫೋನಿನಲ್ಲೇ ತನ್ನ ಹರಕುಮುರುಕು ನವಾಯತಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದಳು. ಸಣ್ಣ ಜ್ವರ ಬರಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ, ಹೆಚ್ಚಾದರೆ ನನಗೆ ಫೋನ್ ಮಾಡಲಿ ಎಂದು. ಸಂಜೆ ಉತ್ತರ ಬಂತು, ಹಾಕಿಸಿ ಎಂದು. ಅವಳ ವ್ಯಾಕರಣ ಕೇಳಿ ಅವರು ನಕ್ಕರಂತೆ. ನಗಲಿ, ಮಗುವಿಗೆ ಚುಚ್ಚುಮದ್ದು ಬಿತ್ತಲ್ಲ ಎಂದಳು.

ಇನ್ನೊಂದು ಪ್ರಶ್ನೆ ಎಂಟು ದಿನದಲ್ಲಿ ನಾಲ್ಕು ಮನೆಯಲ್ಲಿ ಕೇಳಿದೆ. ಮಗುವಿನ ಹತ್ತಿರ ಯಾವ ಭಾಷೆ ಮಾತಾಡಬೇಕು? ಮುಂದೆ ಇಂಗ್ಲಿಷ್ ಶಾಲೆಗೆ ಹಾಕುವವರು ಈಗಲೇ ಫೋನಿನಲ್ಲಿ ಇಂಗ್ಲಿಷ್ ಹಾಡು ಹಚ್ಚಿ ತೊಟ್ಟಿಲ ಪಕ್ಕ ಇಡುತ್ತಾರೆ. ಅಕ್ಕನ ಉತ್ತರ ಒಂದೇ: ನಿಮಗೆ ಯಾವ ಭಾಷೆಯಲ್ಲಿ ಬೈಯಲು ಬರುತ್ತದೋ ಅದರಲ್ಲೇ ಮುದ್ದು ಮಾಡಿ. ಮಗು ಮಾತು ಕಲಿಯುವುದು ಫೋನಿನಿಂದಲ್ಲ, ತನ್ನ ಮುಖ ನೋಡಿ ಮಾತಾಡುವವರಿಂದ. ಒಂದು ವರ್ಷದ ಒಳಗಿನ ಮಕ್ಕಳಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮನೆಯಲ್ಲಿ ಎರಡು ಭಾಷೆ ಇದ್ದರೆ ಮಗುವಿಗೆ ಗೊಂದಲವಾಗುವುದಿಲ್ಲ, ಎರಡೂ ಬರುತ್ತವೆ. ಮಂಕಿಯಲ್ಲಿ ಇದಕ್ಕೆ ಸಾಕ್ಷಿ ಬೇಕಾದರೆ ಯಾವ ಅಂಗಡಿಗಾದರೂ ಹೋಗಿ ನೋಡಿ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ದೇಶದ ಆಶಾದವರಿಗೆಲ್ಲ ಒಟ್ಟಾಗಿ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾದವರು ನಿಶ್ಚಿತ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ದುಡ್ಡಿನ ಮಾತು ನಡೆಯುತ್ತಿರಲಿ, ಅದು ನಡೆಯಲೇಬೇಕು. ಅದರ ಜೊತೆ ಇನ್ನೆರಡು ಆಗಬೇಕು ಎಂದು ನನಗೆ ಅನಿಸುತ್ತದೆ. ಕರಾವಳಿಯಲ್ಲಿ ಆಶಾದವರನ್ನು ಆರಿಸುವಾಗ ಆ ಕೇರಿಯ ಮನೆಮಾತು ಬರುತ್ತದಾ ಎಂದು ಕೇಳಬೇಕು. ತಾಯಿ ಕಾರ್ಡಿನಲ್ಲಿ ಬಾಣಂತಿಯ ಮನೆಮಾತು ಬರೆಯಲು ಒಂದು ಸಾಲು ಬೇಕು. ಆಗ ಆಸ್ಪತ್ರೆಯ ನರ್ಸಿಗೂ ಯಾವ ಭಾಷೆಯಲ್ಲಿ ಕೇಳಬೇಕು ಎಂದು ಮೊದಲೇ ತಿಳಿಯುತ್ತದೆ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಅದು ಆಗುವವರೆಗೆ ನಾವು ಮಾಡಬಹುದಾದದ್ದು ಒಂದಿದೆ. ನಿಮ್ಮ ಮನೆಗೆ ಆಶಾ ಬಂದಾಗ ಜಗಲಿಯಲ್ಲೇ ಉತ್ತರ ಕೊಟ್ಟು ಕಳಿಸಬೇಡಿ. ಬಾಣಂತಿಯೇ ಹೇಳಲಿ, ಅವಳಿಗೆ ಬರುವ ಭಾಷೆಯಲ್ಲೇ ಹೇಳಲಿ. ಆಶಾಗೆ ಆ ಭಾಷೆ ಬರದಿದ್ದರೆ ಬರುವ ಹೆಂಗಸೊಬ್ಬರನ್ನು ಪಕ್ಕದ ಮನೆಯಿಂದ ಕರೆಯಿರಿ. ಮಗು ಹಾಲು ಎಳೆಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಉಸಿರಾಡುವಾಗ ಎದೆ ಒಳಕ್ಕೆ ಎಳೆದುಕೊಂಡರೆ, ಅಂಗೈ ಅಂಗಾಲು ಹಳದಿಯಾದರೆ, ಹೊಕ್ಕುಳಲ್ಲಿ ಕೀವು ಕಂಡರೆ ಮುಂದಿನ ಭೇಟಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.