ಗ್ಲಾಸ್ಗೋ ಸಮ್ಮೇಳನಕ್ಕೆ ರೈಲಿನ ದಾರಿ

ಸಭೆ ಸಮ್ಮೇಳನಗಳಿಗೆ ಹೊರಟವರು ಅಲ್ಲಿ ಆಡಬೇಕಾದ ಮಾತುಗಳನ್ನು ಕುರಿತು ಚಿಂತಿಸುವಷ್ಟು, ಅಲ್ಲಿಗೆ ಹೋಗುವ ದಾರಿಯನ್ನು ಕುರಿತು ಚಿಂತಿಸುವುದು ಅಪರೂಪ. ಆದರೆ 2021ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನವು ನೆರೆದಾಗ, ಯೂರೋಪಿನ ಅನೇಕರಿಗೆ ದಾರಿಯೇ ಮೊದಲ ಪ್ರಶ್ನೆಯಾಯಿತು. ಭೂಮಿಯ ತಾಪ ಏರದಂತೆ ತಡೆಯುವ ಮಾತನ್ನಾಡಲು ವಿಮಾನದ ಹೊಗೆಯನ್ನು ಆಕಾಶದಲ್ಲಿ ಬಿಡುತ್ತ ಹೋಗುವುದು ಎಷ್ಟು ಸರಿ?

ಅಕ್ಟೋಬರ್ 30ರ ಶನಿವಾರ ಆಮ್‌ಸ್ಟರ್‌ಡ್ಯಾಮಿನಿಂದ ಒಂದು ವಿಶೇಷ ರೈಲು ಹೊರಟಿತು. ಪ್ರತಿನಿಧಿಗಳು, ಸಂಸತ್ಸದಸ್ಯರು, ತರುಣ ತರುಣಿಯರು ಸೇರಿ ಸುಮಾರು 500 ಮಂದಿ ಅದರ ಪ್ರಯಾಣಿಕರು. ರಾಟರ್‌ಡ್ಯಾಮ್, ಬ್ರಸೆಲ್ಸ್ ನಗರಗಳನ್ನು ಹಾದು ಬಂದ ಗಾಡಿಯು ಕಡಲ ಕೆಳಗಿನ ಸುರಂಗವನ್ನು ಹೊಕ್ಕಿತು. 1994ರಲ್ಲಿ ತೆರೆದ ಈ ಸುರಂಗದ ಉದ್ದ 50 ಕಿಲೋಮೀಟರು. ಅದರಲ್ಲಿ ಸುಮಾರು 38 ಕಿಲೋಮೀಟರು ಸಮುದ್ರತಳದ ಅಡಿಯಲ್ಲಿದೆ.

ಲಂಡನ್ನಿನಲ್ಲಿ ಗಾಡಿ ನಿಲ್ಲುವುದು 1868ರಲ್ಲಿ ತೆರೆದ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ. ಕೆಂಪು ಇಟ್ಟಿಗೆಯ ಅದರ ಗೋಪುರಗಳು ಅರಮನೆಯನ್ನು ನೆನಪಿಗೆ ತರುತ್ತವೆ. ಗ್ಲಾಸ್ಗೋ ಗಾಡಿಯನ್ನು ಹಿಡಿಯಲು ಯೂಸ್ಟನ್ ನಿಲ್ದಾಣಕ್ಕೆ ಹೋಗಬೇಕು. ಕಾಲುನಡಿಗೆಯಲ್ಲಿ ಹತ್ತು ಹದಿನೈದು ನಿಮಿಷ ಸಾಕು. ದಾರಿಯಲ್ಲೇ ಬ್ರಿಟಿಷ್ ಗ್ರಂಥಾಲಯ. ಅಲ್ಲಿಂದ ಮುಂದೆ ಸುಮಾರು 645 ಕಿಲೋಮೀಟರು. ಪ್ರೆಸ್ಟನ್, ಲ್ಯಾಂಕಾಸ್ಟರ್ ದಾಟಿದ ಮೇಲೆ ಶಾಪ್ ಬೆಟ್ಟದ ಏರು; ಕಾರ್ಲೈಲ್ ಕಳೆದರೆ ಸ್ಕಾಟ್ಲೆಂಡಿನ ಗಡಿ; ಬೀಟಕ್ ಘಟ್ಟವನ್ನೇರಿ ಇಳಿದರೆ ಕ್ಲೈಡ್ ನದಿಯ ಕಣಿವೆ. ವೇಗದ ಗಾಡಿಗೆ ಇದು ನಾಲ್ಕೂವರೆ ಗಂಟೆಯ ಆಸುಪಾಸಿನ ಪ್ರಯಾಣ.

ಇದರಿಂದ ಲಾಭವೇನೆಂಬುದನ್ನು ಲೆಕ್ಕವೇ ಹೇಳುತ್ತದೆ. ಬ್ರಿಟಿಷ್ ಸರ್ಕಾರದ 2021ರ ಪಟ್ಟಿಯಂತೆ ದೇಶದೊಳಗಿನ ರೈಲಿನಲ್ಲಿ ಒಬ್ಬ ಪ್ರಯಾಣಿಕನ ಪಾಲಿಗೆ ಕಿಲೋಮೀಟರಿಗೆ ಬೀಳುವ ಇಂಗಾಲದ ಹೊರೆ ಸುಮಾರು 35 ಗ್ರಾಂ. ದೇಶದೊಳಗಿನ ವಿಮಾನದಲ್ಲಿ ಸುಮಾರು 245 ಗ್ರಾಂ. ಅಂದರೆ ಏಳು ಪಟ್ಟು!

ಆದರೂ ರೈಲಿನ ದಾರಿ ಹೂವಿನ ಹಾಸಿಗೆಯಲ್ಲ. ಮರುದಿನ ಭಾನುವಾರ, ಸಮ್ಮೇಳನ ಆರಂಭವಾದ ದಿನವೇ, ಬಿರುಗಾಳಿಗೆ ಮರಗಳುರುಳಿ ನಾರ್ತಾಂಪ್ಟನ್ ಸೀಮೆಯಲ್ಲಿ ಹಳಿಯ ಮೇಲಿನ ವಿದ್ಯುತ್ ತಂತಿಗಳು ಕೆಟ್ಟವು. ಯೂಸ್ಟನ್ನಿನಲ್ಲಿ ಜನ ಪೆಟ್ಟಿಗೆಗಳೊಡನೆ ಕಾದು ನಿಂತರು. ಕೆಲವರು ಬೇರೆ ದಾರಿ ಕಾಣದೆ ವಿಮಾನವನ್ನೇ ಹತ್ತಿದರು. ಕೆಟ್ಟ ಗಾಳಿಮಳೆಯನ್ನು ತಾಳಿಕೊಳ್ಳುವ ಹಳಿಗಳು ಇಲ್ಲದಿದ್ದರೆ ಒಳ್ಳೆಯ ಸಂಕಲ್ಪವೂ ನಿಲ್ದಾಣದಲ್ಲೇ ಉಳಿಯುತ್ತದೆ.

ಗ್ಲಾಸ್ಗೋ ತಲುಪಿದವರಿಗೆ ಕಾರಿನ ಅಗತ್ಯವಿರಲಿಲ್ಲ. ಬಸ್ಸು ರೈಲುಗಳಲ್ಲಿ ಓಡಾಡಲು ಪ್ರತಿನಿಧಿಗಳಿಗೆ ಉಚಿತ ಪಾಸು ದೊರೆತಿತ್ತು. ಸೆಂಟ್ರಲ್ ನಿಲ್ದಾಣದ ನೆಲಮಾಳಿಗೆಯಿಂದ ಹೊರಡುವ ಗಾಡಿಯೇ ಕ್ಲೈಡ್ ದಂಡೆಯ ಸಭಾಭವನದ ಹತ್ತಿರಕ್ಕೆ ಒಯ್ಯುತ್ತದೆ. 1765ರಲ್ಲಿ ಜೇಮ್ಸ್ ವಾಟ್‌ನಿಗೆ ಉಗಿಯಂತ್ರವನ್ನು ಸುಧಾರಿಸುವ ಉಪಾಯ ಹೊಳೆದುದು ಇದೇ ಊರಿನ ಹಸುರು ಬಯಲಿನಲ್ಲಿ. ಕಲ್ಲಿದ್ದಲ ಯುಗಕ್ಕೆ ವೇಗ ಕೊಟ್ಟ ಊರಿನಲ್ಲೇ, ಕಲ್ಲಿದ್ದಲ ಬಳಕೆಯನ್ನು ತಗ್ಗಿಸುವ ಮಾತು ಸಮ್ಮೇಳನದ ಒಪ್ಪಂದದಲ್ಲಿ ಸೇರಿತು.

ಶಾಂತಸಾಗರದ ದ್ವೀಪಗಳಿಂದ, ಆಫ್ರಿಕದಿಂದ, ಭಾರತದಿಂದ ಬಂದವರಿಗೆ ವಿಮಾನವಲ್ಲದೆ ಗತಿಯಿರಲಿಲ್ಲ. ಕಡಲೇರಿ ನೆಲ ಮುಳುಗುವ ಭಯವಿರುವವರು ಸಭೆಗೆ ಬರದಿದ್ದರೆ ಸಭೆಗೆ ಅರ್ಥವೂ ಇಲ್ಲ. ಹಳಿಯ ಪಕ್ಕದಲ್ಲೇ ಮನೆಯುಳ್ಳವರಿಗೆ ಮಾತ್ರ ಆ ನೆಪ ಸಲ್ಲದು.